ಊರೊಳಗಿನ ಬಾರು, ಊರಾಚೆಯ ಧಾಬಾ

ನಮ್ಮ ಗದಗ-ಬೆಟಗೇರಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ಸುಮ್ಮನೆ ಒಂದು ಸುತ್ತು ಹಾಕಿ ಬಂದರೆ, ನಾನು ಹೇಳಹೊರಟಿರುವ ಕ್ಷುಲ್ಲಕ ಸಂಗತಿ ನಿಮ್ಮ ಕಣ್ಣಿಗೂ ಬಿದ್ದೀತು. ಊರ ನಡುವಿನ ಬಾರುಗಳು ಕತ್ತಲೆಯನ್ನು ಪ್ರೀತಿಸುತ್ತವೆ; ಊರಾಚೆಯ ಧಾಬಾಗಳು ಬೆಳಕನ್ನು. ಬಸ್ ನಿಲ್ದಾಣದ ಆಸುಪಾಸಿನ ಯಾವ ಬಾರನ್ನಾದರೂ ನೋಡಿ: ಕಪ್ಪು ಗಾಜಿನ ಬಾಗಿಲು, ಬಾಗಿಲ ಹಿಂದೆ ಕಡಿದಾದ ಮೆಟ್ಟಿಲು, ಮೆಟ್ಟಿಲ ತಿರುವಿನಲ್ಲಿ ತನ್ನ ಅಸ್ತಿತ್ವಕ್ಕೆ ತಾನೇ ನಾಚಿಕೊಂಡಂತೆ ಮಿಣುಕುವ ಒಂದು ಬಲ್ಬು. ಅದೇ ಮಲ್ಲಸಮುದ್ರ ದಾಟಿ ಹೊಲಗಳು ಶುರುವಾದ ಮೇಲೆ ಎದುರಾಗುವ ಧಾಬಾಗಳನ್ನು ನೋಡಿ: ಬೇವಿನ ಮರಕ್ಕೂ ದೀಪದ ಸರ, ನೀರಿನ ಟಾಕಿಗೂ ದೀಪದ ಸರ, ಮದುವೆಯ ಮನೆಯೊಂದು ದಾರಿ ತಪ್ಪಿ ಎರೆಹೊಲದ ನಡುವೆ ಬಂದು ನಿಂತಂತೆ. ಎರಡು ಕಡೆಯೂ ಹೋಗುವವರು ಅವರೇ ಗಂಡಸರು. ಊರೊಳಗೆ ಕರ್ಚೀಫಿನಿಂದ ಮುಖ ಒರೆಸಿಕೊಳ್ಳುವ ನೆಪದಲ್ಲಿ ಮುಖವನ್ನೇ ಮರೆಮಾಡಿ ಮೆಟ್ಟಿಲಿಳಿಯುವ ಗೃಹಸ್ಥ, ಊರಾಚೆ ಹೋದೊಡನೆ ಹಗ್ಗದ ಮಂಚದ ಮೇಲೆ ಕಾಲು ಚಾಚಿ, ರಸ್ತೆಯಲ್ಲಿ ಹೋಗುವ ಪರಿಚಿತರನ್ನೆಲ್ಲ ಹೆಸರು ಹಿಡಿದು ಕೂಗಿ ಕರೆಯುತ್ತಾನೆ. ನಮ್ಮ ಸೀಮೆಯಲ್ಲಿ ಲಜ್ಜೆಯ ಅಧಿಕಾರವ್ಯಾಪ್ತಿಯೂ ನಗರಸಭೆಯ ಗಡಿಗೇ ಮುಗಿಯುತ್ತದೆ ಎಂದು ನಾನು ಬಹುಕಾಲ ತರ್ಕಿಸಿದ್ದೆ.

ಕಾಲೇಜಿನಲ್ಲಿ ಸಮಾಜಶಾಸ್ತ್ರ ಬೋಧಿಸುವ, ನರೆಗೂದಲಿನ ಹೆಂಗಸೊಬ್ಬಳಿಗೆ ಈ ವಿಷಯದಲ್ಲಿ ಏನು ಅಧಿಕಾರ ಎಂದು ನೀವು ಹುಬ್ಬೇರಿಸಿದರೆ ತಪ್ಪಿಲ್ಲ. ನನ್ನ ಅಧಿಕಾರವೆಲ್ಲ ರಸ್ತೆಯ ಈಚೆ ಬದಿಯಿಂದ ಗಳಿಸಿದ್ದು. ನಾನು ಓದಿದ್ದು ಒಂದು ಪ್ರಯೋಗಶೀಲ ವಸತಿಶಾಲೆಯಲ್ಲಿ. ಅಲ್ಲಿ ವಾರಕ್ಕೊಮ್ಮೆ ಮಕ್ಕಳೆಲ್ಲ ಮರದ ಕೆಳಗೆ ದುಂಡಗೆ ಕುಳಿತು, ಆ ವಾರ ತಾವು ಕಂಡ ಒಂದು ಅನ್ಯಾಯವನ್ನು ಅದರ ಹೆಸರು ಹಿಡಿದು ಹೇಳಬೇಕಿತ್ತು. ಉಳಿದವರು ಪೆನ್ಸಿಲಿನ ಕಳವು, ಜಡೆ ಜಗ್ಗಾಟ ಎಂದು ಒಂದೊಂದು ಮಾತಿನಲ್ಲಿ ಮುಗಿಸಿ ಆಟಕ್ಕೆ ಓಡಿದರೆ, ನಾನು ಮುಂಜಾನೆಯ ಅವಲಕ್ಕಿಯಲ್ಲಿ ಹುಡುಗರಿಗೂ ಹುಡುಗಿಯರಿಗೂ ನಡುವೆ ಶೇಂಗಾ ವಿತರಣೆಯ ತಾರತಮ್ಯವನ್ನು ಪೂರ್ವಪೀಠಿಕೆಯೊಡನೆ ವಿವರಿಸುತ್ತಿದ್ದೆ. ಆ ಅಭ್ಯಾಸ ಶಾಲೆ ಬಿಟ್ಟರೂ ಬಿಡಲಿಲ್ಲ. ಲಕ್ಷ್ಮೇಶ್ವರದಲ್ಲಿ ಅಡತಿ ಅಂಗಡಿ ಇಟ್ಟು ಶೇಂಗಾ, ಮೆಣಸಿನಕಾಯಿಯ ವ್ಯಾಪಾರ ಮಾಡಿಸುವ ನನ್ನ ಅಣ್ಣ, ನಾನು ಅವನ ಮನೆಯ ಹೊಸ್ತಿಲು ತುಳಿದಾಗಲೆಲ್ಲ "ಬಂತು ನೋಡ್ರಿ ಖಂಡನಾ ನಿರ್ಣಯ" ಎಂದು ಒಳಗೆ ಸುದ್ದಿ ಮುಟ್ಟಿಸುತ್ತಾನೆ. ಇದಕ್ಕೆ ನಾನು ಪ್ರತಿಭಟಿಸಿದರೆ ಅವನ ಮಾತೇ ನಿಜವಾದಂತಾಗುತ್ತದೆ ಎಂಬುದು ಇನ್ನೊಂದು ಅನ್ಯಾಯ.

ಪಾನಲೋಕಕ್ಕೂ ನನಗೂ ಇರುವ ನಂಟಿನದು ಬೇರೆ ಕತೆ. ಕೆಲವು ವರ್ಷಗಳ ಹಿಂದೆ ಹೆಣ್ಣುಮಕ್ಕಳ ವಸತಿನಿಲಯವೊಂದರ ಗೋಡೆಗೆ ಆತುಕೊಂಡೇ ಮದ್ಯದಂಗಡಿಯೊಂದು ತೆರೆದಾಗ, ನಾವು ಹತ್ತಾರು ಹೆಂಗಸರು ಅದರ ಮುಂದೆ ಜಮಖಾನೆ ಹಾಸಿ ಕುಳಿತೆವು. ಬಿಸಿಲಿಗೂ ಬೈಗುಳಕ್ಕೂ ಜಗ್ಗದೆ ಕುಳಿತೆವು. ಕೊನೆಗೆ ಅಂಗಡಿ ಎದ್ದುಹೋಯಿತು. ಅಂದಿನಿಂದ ಗದಗ, ಶಿರಹಟ್ಟಿ, ಮುಂಡರಗಿ ಕಡೆಯ ಬಾರಿನ ಮಂದಿಗೆಲ್ಲ ನನ್ನ ಮುಖ ಬಾಯಿಪಾಠ. ಒಂದು ಮಾತನ್ನು ಮಾತ್ರ ಸ್ಪಷ್ಟಪಡಿಸಬೇಕು. ಲೋಟದ ಮೇಲೆ ನನಗೆ ದ್ವೇಷವಿಲ್ಲ. ಆ ಲೋಟ ಯಾರ ದುಡಿಮೆಯಿಂದ ತುಂಬುತ್ತದೆ, ಯಾರ ನಿದ್ದೆಯನ್ನು ಚೆಲ್ಲುತ್ತದೆ ಎಂಬುದಷ್ಟೇ ನನ್ನ ತಕರಾರು. ಆದರೆ ಇಷ್ಟು ಸೂಕ್ಷ್ಮವಾದ ಸಿದ್ಧಾಂತವನ್ನು ಕಪ್ಪು ಗಾಜಿನ ಆಚೆಗೆ ಯಾರು ತಲುಪಿಸಬೇಕು? ಅಲ್ಲಿನವರ ಪಾಲಿಗೆ ನಾನು ಸೀರೆ ಉಟ್ಟ ಬಂದ್ ಕರೆ.

ಹೀಗಿರುವಾಗ, ಈಚೆಗೊಂದು ಚಳಿಗಾಲದಲ್ಲಿ ಅಣ್ಣನ ಹೆಂಡತಿ, ನಮ್ಮ ಗಿರಿಜಾ ವೈನಿ, ಮಗಳ ಬಾಣಂತನಕ್ಕೆ ಬೇಕಾದ ಸಾಮಾನು ಕೊಳ್ಳಲು ಗದಗಿಗೆ ಬಂದು ನನ್ನ ಮನೆಯಲ್ಲಿ ಇಳಿದರು. ಶಿಗ್ಲಿಯ ದೊಡ್ಡ ಕಮತದ ಮನೆಯಲ್ಲಿ ಹುಟ್ಟಿ, ಲಕ್ಷ್ಮೇಶ್ವರದ ದೊಡ್ಡ ವ್ಯಾಪಾರದ ಮನೆ ತುಂಬಿದವರು ವೈನಿ. ಆ ಎರಡು ದೊಡ್ಡ ಮನೆಗಳಲ್ಲಿ ಅವರ ಪಾಲಿಗೆ ಬಂದದ್ದು ಎರಡು ದೊಡ್ಡ ಅಡಿಗೆಮನೆಗಳು. ಸಂತೆಯ ದಿನ ಸಂಜೆ ಅಣ್ಣ ತನ್ನ ವ್ಯಾಪಾರಿ ಗೆಳೆಯರೊಡನೆ ಧಾಬಾಕ್ಕೆ ಹೊರಡುವುದು ಅವನ ಮದುವೆಗಿಂತ ಹಳೆಯ ರೂಢಿ. ಮನೆಯಲ್ಲಿ ತತ್ತಿಯ ಹೆಸರೆತ್ತಿದರೂ ಮುಖ ಸಿಂಡರಿಸುವ ಈ ಮಹಾಶಯರು ಅಲ್ಲಿ ಅದನ್ನು ಡಜನ್ನುಗಟ್ಟಲೆ ಸುಲಿಯುತ್ತಾರೆಂಬುದೂ, ಮನೆಯ ಪಡಸಾಲೆಯಲ್ಲಿ ಒಟ್ಟಿಗೆ ಕೂಡ್ರದ ಜಾತಿಗಳೆಲ್ಲ ಅಲ್ಲಿ ಒಂದೇ ತಾಟಿಗೆ ಕೈ ಹಾಕುತ್ತವೆಂಬುದೂ ಊರಿಗೆಲ್ಲ ಗೊತ್ತಿರುವ ಗುಟ್ಟು. ಊರೊಳಗೆ ಉಪದೇಶವಾಗಿ ಉಳಿದ ಸಮಾನತೆ ಊರಾಚೆ ಉಳ್ಳಾಗಡ್ಡಿಯ ಹೋಳಿನ ಜೊತೆ ಸಲೀಸಾಗಿ ಒದಗುತ್ತದೆ. ವೈನಿಗೆ ಈ ಮಹಾಕೂಟದಲ್ಲಿ ಇದ್ದ ಸ್ಥಾನವೆಂದರೆ, ಅವರ ಕೈಯ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಪ್ರತಿ ಸಲವೂ ಡಬ್ಬಿ ತುಂಬಿ ಧಾಬಾಕ್ಕೆ ಹೋಗುತ್ತಿತ್ತು. ಡಬ್ಬಿ ಹೋಗಿ ಬರುತ್ತಿತ್ತು. ಹಿಂಡಿ ಕುಟ್ಟಿದವರು ಹೋಗಿರಲಿಲ್ಲ.

ಸಾಮಾನೆಲ್ಲ ಕೊಂಡು ಮುಗಿದ ಮಧ್ಯಾಹ್ನ, ನಮ್ಮ ಕಾಲೇಜಿನ ಗ್ರಂಥಪಾಲಕಿಯೂ ನನ್ನ ಗೆಳತಿಯೂ ಆದ ಶಮೀಮಳ ಎದುರಿಗೆ, ವೈನಿಯ ಅರವತ್ತರ ಹುಟ್ಟುಹಬ್ಬಕ್ಕೆ ಏನು ಕೊಡಿಸಲಿ ಎಂದು ಅವರನ್ನೇ ಕೇಳಿದೆ. ಬೆಟಗೇರಿಯ ನೇಕಾರರ ಸೀರೆಯೊಂದನ್ನು ಮನಸ್ಸಿನಲ್ಲೇ ಆರಿಸಿಟ್ಟಿದ್ದೆ.

"ಸೀರಿ ಬ್ಯಾಡ, ಬಂಗಾರ ಬ್ಯಾಡ," ಎಂದರು ವೈನಿ. "ಗಂಡಸೂರು ಸಂಜೀಕ ಹೋಗ್ತಾರಲ್ಲ ಸುಮಾ, ಆ ಜಾಗಾಕ್ಕ ನನ್ನ ಒಮ್ಮೆ ಕರಕೊಂಡ ಹೋಗು."

"ಅಲ್ಲಿ ಏನೈತಿ ನೋಡಾಕ ವೈನಿ?"

"ನೋಡಾಕಲ್ಲ, ಕುಂಡ್ರಾಕ. ನಾಕ ಮಂದಿ ನಡುವ ಕುಂತು, ಬಿಸಿಬಿಸಿ ಉಂಡು, ತಾಟು ಅಲ್ಲೇ ಬಿಟ್ಟು ಎದ್ದ ಬರಾಕ."

ಶಮೀಮ್ ತಕ್ಷಣವೇ ಕಾರಿನ ಕೀಲಿ ಕೈಗೆತ್ತಿಕೊಂಡಳು. ಮರುದಿನ ಮುಂಜಾನೆಯ ಬಸ್ಸಿಗೆ ವೈನಿ ಮುಂಡರಗಿಯ ಮಗಳ ಮನೆಗೆ ಹೊರಡುವವರಿದ್ದರು. ಆಮೇಲೆ ಬಾಣಂತಿಯ ಪಥ್ಯ, ಕೂಸಿನ ಎಣ್ಣೆನೀರು, ಅಳಿಯನ ಮರ್ಯಾದೆ. ತಿಂಗಳುಗಟ್ಟಲೆ ಅವರಿಗೊಂದು ಸಂಜೆ ಎಂಬುದು ಇರುವುದಿಲ್ಲ. ಇದ್ದ ಸಂಜೆ ಇದೊಂದೇ. ವೈನಿ ಅಣ್ಣನಿಗೆ ಫೋನ್ ಮಾಡಿ, ನಾವು ಮೂವರೂ ಬಾರಿಗೆ ಹೊರಟಿದ್ದೇವೆ ಎಂದು ಇದ್ದದ್ದನ್ನು ಇದ್ದಂತೆಯೇ ಹೇಳಿದರು. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕು ಫೋನ್ ಇಟ್ಟ. ಸತ್ಯ ಹೇಳಿ ಪಾರಾಗುವ ಸುಖವನ್ನು ನಾನು ಅಂದು ಮೊದಲ ಬಾರಿಗೆ ಕಣ್ಣಾರೆ ಕಂಡೆ.

ಮೊದಲು ಊರ ನಡುವಿನದನ್ನೇ ನೋಡೋಣವೆಂದು ತೀರ್ಮಾನಿಸಿದೆವು. ಹತ್ತಿರ, ನಡೆದುಹೋಗಬಹುದು, ಕುಡಿದವರು ಗಾಡಿ ಓಡಿಸುವ ಅಪಾಯ ಕಡಿಮೆ, ಬೀದಿಗೆ ದೀಪವಿದೆ: ನಾಗರಿಕ ಪ್ರಜ್ಞೆಯ ದೃಷ್ಟಿಯಿಂದ ಊರೊಳಗಿನ ಬಾರೇ ಶ್ರೇಷ್ಠ ಎಂದು ನಾನು ಮೆಟ್ಟಿಲ ಬುಡದಲ್ಲಿ ನಿಂತು ಪ್ರತಿಪಾದಿಸುತ್ತಿರುವಾಗಲೇ, ಮೇಲಿಂದ ಇಳಿದು ಬಂದ ಮ್ಯಾನೇಜರ್ ನನ್ನನ್ನು ನೋಡಿ ಗೋಡೆಗೆ ಅಂಟಿಕೊಂಡ.

"ಮೇಡಂ, ನಮ್ಮ ಲೈಸೆನ್ಸ್ ಚಾಲ್ತಿ ಐತ್ರಿ," ಎಂದ. "ಶಾಲಿ, ಗುಡಿ ಎಲ್ಲಾ ದೂರ ಅದಾವ್ರಿ. ಬೇಕಾದ್ರ ಟೇಪ್ ತರಸ್ತೇನ್ರಿ, ನೀವ ಅಳದು ನೋಡ್ರಿ."

"ನಾವು ಊಟಕ್ಕ ಬಂದೇವಿ," ಎಂದೆ.

ಆತ ಇನ್ನಷ್ಟು ಬಿಳಿಚಿಕೊಂಡ. "ಊಟಕ್ಕ್ರೀ? ಉಪವಾಸಕ್ಕಲ್ಲೇನ್ರಿ?"

ಉಪವಾಸ ಸತ್ಯಾಗ್ರಹವಲ್ಲವೆಂದು ಮನವರಿಕೆಯಾದ ಮೇಲೆ, ನಮ್ಮನ್ನು ಸದ್ದುಗದ್ದಲದ ದೊಡ್ಡ ಕೋಣೆಯ ಗೋಡೆಯಂಚಿನಿಂದಲೇ ಸಾಗಹಾಕಿ, 'ಫ್ಯಾಮಿಲಿ ರೂಮ್' ಎಂಬ ಪ್ಲೈವುಡ್ಡಿನ ಗೂಡಿಗೆ ತುಂಬಿ, ಮೆರೂನು ಬಣ್ಣದ ಪರದೆ ಎಳೆದ. ಒಳಗೆ ಗಾಳಿಯಿಲ್ಲ. ಪರದೆಗೆ ಹಿಂದಿನ ಹಲವಾರು ಕುಟುಂಬಗಳು ಕೈ ಒರೆಸಿದ ಇತಿಹಾಸವಿತ್ತು. ಕೈ ತೊಳೆಯಲೆಂದು ಹೋದ ಶಮೀಮ್ ಮರಳಿ ಬಂದು, ಹೆಂಗಸರ ಶೌಚಾಲಯವೆಂದು ಹಲಗೆ ಹಾಕಿದ ಕೋಣೆಗೆ ಬೀಗ ಹಾಕಿದೆಯೆಂದೂ, ಕಿಟಕಿಯಲ್ಲಿ ಇಣುಕಿದರೆ ಒಳಗೆ ಖಾಲಿ ಬಾಟಲಿಗಳ ಕ್ರೇಟು ಛಾವಣಿಯವರೆಗೆ ಪೇರಿಸಿದೆಯೆಂದೂ ವರದಿ ಒಪ್ಪಿಸಿದಳು. ಅಷ್ಟು ಸಾಕಾಯಿತು. ನಾನು ಮ್ಯಾನೇಜರನನ್ನು ಕರೆಸಿ, ಪರದೆಯ ಸಾಮಾಜಿಕ ಇತಿಹಾಸದಿಂದ ಹಿಡಿದು ಶೌಚಾಲಯದ ಹಕ್ಕಿನವರೆಗೆ, ನನ್ನ ಬಾಲ್ಯದ ಶಾಲೆ ಹೆಮ್ಮೆಪಡುವಂತೆ, ಒಂದೊಂದು ಅನ್ಯಾಯವನ್ನೂ ಹೆಸರು ಹಿಡಿದು ಹೇಳಿದೆ. ಆತ ಕೈಕಟ್ಟಿ ನಿಂತು ಪ್ರತಿಯೊಂದಕ್ಕೂ "ಹೌದ್ರಿ, ತಪ್ಪ್ರಿ" ಎಂದ. ಇಷ್ಟು ಸಂಪೂರ್ಣ ವಿಜಯ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ತಿರುಗಿ ನೋಡಿದರೆ ವೈನಿ ಸೆರಗು ಹೊದ್ದುಕೊಂಡು ಆಗಲೇ ಎದ್ದು ನಿಂತಿದ್ದರು.

"ಗಂಡಸೂರು ಇಲ್ಲಿ ಕುಂಡರ್ತಾರೇನಪಾ?" ಎಂದು ಅವರು ಮ್ಯಾನೇಜರನನ್ನು ಕೇಳಿದರು.

"ಇಲ್ಲರಿ ಅವ್ವಾರ, ಅವರೆಲ್ಲಾ ಹೊರಗ."

"ಹಂಗಾರ ನಾ ಮತ್ತ ಅಡಿಗಿ ಮನಿಗೇ ಬಂದಂಗಾತಲ್ಲ. ನಡೀರ್ವಾ."

ಕಾರಿನಲ್ಲಿ ಊರು ದಾಟುತ್ತ ನಾನು ನನ್ನ ತೀರ್ಮಾನವನ್ನು ತಿದ್ದಿಕೊಂಡೆ. ಊರೊಳಗಿನ ಬಾರು ಮೂಲತಃ ಒಂದು ಔಷಧಾಲಯ. ಗುಟುಕಿಗೆ ಗುಟುಕು, ಗೋಡೆಗೆ ಮುಖ, ಕೆಲಸವಾದೊಡನೆ ನಿರ್ಗಮನ. ಸಂಜೆಯನ್ನು ಸಂಜೆಯಾಗಿ ಅನುಭವಿಸಲು ಆಕಾಶವಿರಬೇಕು. ಆದರೆ ಆಕಾಶದ ಕೆಳಗಿನ ಧಾಬಾದ ದೋಷಗಳೂ ಕಡಿಮೆಯೇ? ಹೊಲದ ಬದುವಿಗೆ ಎಸೆದ ಪ್ಲಾಸ್ಟಿಕ್ ಲೋಟ, ಕುಡಿದ ಮೇಲೆ ಬೈಕಿನಲ್ಲಿ ಮೂವರ ಸವಾರಿ, ಹೆದ್ದಾರಿಗೆ ಮೈಯೊಡ್ಡಿ ನಿಲ್ಲಿಸಿದ ಲಾರಿ... ನಾನು ಇವನ್ನೆಲ್ಲ ಒಂದೊಂದಾಗಿ ಹೇಳುತ್ತಿರುವಾಗ ಶಮೀಮ್ ಕನ್ನಡಿಯಲ್ಲಿ ನನ್ನನ್ನು ನೋಡಿ, "ಸುಮಕ್ಕ, ನೀವು ಧಾಬಾಕ್ಕ ಮುಟ್ಟೂದ್ರಾಗ ಅದನ್ನ ಮುಚ್ಚಿಸಿಬಿಡ್ತೀರಿ ನೋಡ್ರಿ," ಎಂದಳು. ಹಾಸ್ಯಕ್ಕೆಂದು ಆಡಿದ ಆ ಮಾತು ಎಷ್ಟು ಅಕ್ಷರಶಃ ಫಲಿಸಲಿದೆಯೆಂದು ಅವಳಿಗೂ ಗೊತ್ತಿರಲಿಲ್ಲ.

ಧಾಬಾ ಈರಣ್ಣನೆಂಬ ದುಂಡುಮುಖದ ಮಧ್ಯವಯಸ್ಕನದು. ದೂರದಿಂದಲೇ ಅದರ ದೀಪ, ಹಾಡು, ನಗೆ, ಒಗ್ಗರಣೆಯ ಘಾಟು ನಮ್ಮನ್ನು ಎದುರುಗೊಂಡವು. ವೈನಿ ಕಿಟಕಿಯ ಗಾಜು ಇಳಿಸಿ ಮೂಗಿನಿಂದ ದೀರ್ಘವಾಗಿ ಅದನ್ನೆಲ್ಲ ಒಳಗೆಳೆದುಕೊಂಡರು. ಅಂಗಳದ ತುಂಬ ಹಗ್ಗದ ಮಂಚ, ಮಂಚದ ತುಂಬ ಮಂದಿ. ಶಮೀಮ್ ಕಾರು ನಿಲ್ಲಿಸಿದಳು. ನಾನು ಮೊದಲು ಇಳಿದೆ. ಅದೇ ತಪ್ಪಾಯಿತು.

ಯಾರೋ ಒಬ್ಬ "ಲೇ, ಆ ಮೇಡಂ!" ಎಂದದ್ದು ಕೇಳಿಸಿತು. ಆಮೇಲೆ ನಡೆದದ್ದನ್ನು ಕಣ್ಣು ನೋಡಿದರೂ ಬುದ್ಧಿ ನಂಬಲಿಲ್ಲ. ಹಾಡು ನಿಂತಿತು. ಅಂಗಳಕ್ಕೆ ಅಂಗಳವೇ ಎದ್ದು, ಅಡಿಗೆಯ ಗುಡಿಸಲ ಹಿಂದೆ ಎದೆಮಟ್ಟ ಬೆಳೆದ ಜೋಳದ ಹೊಲದೊಳಗೆ ನೀರು ಇಂಗಿದಂತೆ ಇಂಗಿಹೋಯಿತು. ಕಾರಿನ ಬಾಗಿಲು ಮುಚ್ಚಿ ವೈನಿ ಬಂದು ನಿಲ್ಲುವಷ್ಟರಲ್ಲಿ ಅಲ್ಲಿ ಉಳಿದದ್ದು ಅರ್ಧ ಮುರಿದ ರೊಟ್ಟಿ, ಹೊಗೆಯಾಡುವ ಸಿಗರೇಟು, ಮಂಚದ ಕೆಳಗೆ ದಿಕ್ಕಾಪಾಲಾದ ಚಪ್ಪಲಿಗಳು, ಮತ್ತು ಬೀರಿನ ಬಾಟಲಿಗಳ ಮೇಲೆ ಟವೆಲು ಹೊದಿಸುತ್ತಿದ್ದ ಈರಣ್ಣ. ಆತ ಬೆವರು ಒರೆಸಿಕೊಳ್ಳುತ್ತ ಬಂದು ಬಹಳ ಸೌಜನ್ಯದಿಂದ ಕೈಮುಗಿದ.

"ಇನ್ನ ಎಷ್ಟ ಮಂದಿ ಬರೂರದಾರ್ರಿ ಮೇಡಂ? ಜಮಖಾನಿ ನಾನ ಕೊಡ್ತೇನ್ರಿ. ಬ್ಯಾನರ್ ಕಟ್ಟಾಕ ಬೇವಿನ ಗಿಡ ಐತಿ. ಆದ್ರ ಇವತ್ತ ಸಂತಿ ದಿನಾರಿ... ನಾಳೆ ಕುಂತಿದ್ರ ಛಲೋ ಆಗತಿತ್ತು."

ಶಮೀಮ್ ಕಾರಿಗೆ ಒರಗಿ ನಗಲಾರಂಭಿಸಿದಳು. ನಾನು ಮಾತ್ರ, ಪ್ರಾಮಾಣಿಕವಾಗಿ ಹೇಳುತ್ತೇನೆ, ಕ್ಷಣಕಾಲ ಒಳಗೊಳಗೆ ಉಬ್ಬಿದೆ. ಬರಿ ದರ್ಶನಮಾತ್ರದಿಂದ ಒಂದು ಧಾಬಾವನ್ನು ತೆರವುಗೊಳಿಸಿದ ಸುಧಾರಕರು ನಮ್ಮ ಭಾಗದಲ್ಲಿ ಬೇರೆ ಯಾರಿದ್ದಾರೆ? ಅಷ್ಟರಲ್ಲಿ ವೈನಿಯ ಮುಖ ಕಂಡಿತು. ಅವರು ಖಾಲಿ ಅಂಗಳದ ನಟ್ಟನಡುವಿನ ಮಂಚವೊಂದರ ತುದಿಗೆ ಕುಳಿತಿದ್ದರು. ಸುತ್ತ ಯಾರೋ ಬಿಟ್ಟುಹೋದ ಎಂಜಲು ತಾಟುಗಳು. ಅಭ್ಯಾಸಬಲದಿಂದ ಅವರ ಕೈ ಆ ತಾಟುಗಳನ್ನು ಒಂದರೊಳಗೊಂದು ಜೋಡಿಸಲು ತೊಡಗಿತ್ತು.

"ನಡಿ ಸುಮಾ, ಹೋಗೂಣು," ಎಂದರು. "ಮಂದಿ ಎಲ್ಲಾ ಎದ್ದ ಹೋದಮ್ಯಾಲೆ ಒಬ್ಬಾಕಿ ಕುಂತು ಉಣ್ಣೂದು ಮನ್ಯಾಗ ದಿನಾ ಐತಿ."

ಇಷ್ಟು ವರ್ಷ ನಾನು ಎಷ್ಟೋ ಅನ್ಯಾಯಗಳನ್ನು ಹೆಸರಿಸಿದ್ದೇನೆ. ಇದಕ್ಕೆ ಒಂದು ಹೆಸರಿದೆಯೆಂದು ನನಗೆ ಹೊಳೆದೇ ಇರಲಿಲ್ಲ. ಅಣ್ಣನ ಮನೆಯಲ್ಲಿ ನಾನೂ ಗಂಡಸರ ಪಂಕ್ತಿಯಲ್ಲೇ ಕುಳಿತು, ಸ್ತ್ರೀಸಮಾನತೆಯ ಬಗ್ಗೆ ಮಾತಾಡುತ್ತ, ವೈನಿ ಬಡಿಸಿದ್ದನ್ನು ಉಂಡೆದ್ದವಳೇ. ಈಗ ಅವರಿಗಿದ್ದ ಒಂದು ಸಂಜೆಯೂ ನನ್ನ ಕೀರ್ತಿಯ ದೆಸೆಯಿಂದ ಜೋಳದ ಹೊಲ ಸೇರಿತ್ತು. ತಂದುಕೊಡಬೇಕಾದವಳೂ ನಾನೇ.

ಗುಡಿಸಲ ಹಿಂದೆ ಹೋಗಿ ಹೊಲದ ಬದುವಿನ ಮೇಲೆ ನಿಂತೆ. ಮಬ್ಬುಗತ್ತಲು. ದೂರದ ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳ ಕೆಂಪು ದೀಪಗಳು ಕಣ್ಣು ಮಿಟುಕಿಸುತ್ತಿದ್ದವು. ಹತ್ತಿರದ ಜೋಳದ ತೆನೆಗಳ ನಡುವೆ ಸಿಗರೇಟಿನ ಕೆಂಪು ಚುಕ್ಕೆಗಳು. ಕೆಮ್ಮು ತಡೆದುಕೊಳ್ಳುವ ಸದ್ದು. ನಾನು ಗಂಟಲು ಸರಿಪಡಿಸಿಕೊಂಡು, "ಮಹನೀಯರೇ, ದಯವಿಟ್ಟು ಒಂದೆರಡು ಮಾತು," ಎಂದೆ. ಜೋಳ ಸರಸರನೆ ಇನ್ನೂ ಹಿಂದಕ್ಕೆ ಸರಿಯಿತು. ಸಭೆಯ ಕನ್ನಡ ಇಲ್ಲಿ ನಡೆಯದೆಂದು ತಿಳಿಯಿತು.

"ಬರ್ರೆಪಾ!" ಎಂದು ಕೂಗಿದೆ. "ನಿಮ್ಮ ಗ್ಲಾಸು ಹೆಂಗಿದ್ದವು ಹಂಗ ಅದಾವು. ಯಾರೂ ಮುಟ್ಟಿಲ್ಲ. ಬಂದು ಕುಂಡ್ರಿ."

ಮದ್ಯವಿರೋಧಿ ವೇದಿಕೆಗಳ ಮೇಲೆ ಇಷ್ಟು ವರ್ಷ ಸವೆಸಿದ ಕಂಠವೊಂದು ಗಂಡಸರನ್ನು ಗ್ಲಾಸಿಗೆ ಮರಳಿ ಕರೆಯುತ್ತಿತ್ತು. ಹೊಲ ಯೋಚಿಸಿತು. ಆಮೇಲೆ ಒಳಗಿಂದ ಒಂದು ದನಿ:

"ಫೋಟೋ ತಗೀತೀರೇನ್ರಿ?"

"ಇಲ್ಲ."

"ಭಾಷಣಾ?"

"ಇಲ್ಲ."

"ಭಾಷಣಾ ಇಲ್ಲ ಅಂದ್ರ ನಂಬೂದ್ಹೆಂಗ್ರಿ? ಆಣಿ ಮಾಡ್ರಿ."

ಆಣೆ-ಪ್ರಮಾಣಗಳು ಮೌಢ್ಯವೆಂದು ಲೇಖನ ಬರೆದವಳು ನಾನು. "ಸಂವಿಧಾನದ ಆಣಿ," ಎಂದೆ.

"ಅದು ಭಾಳ ದೊಡ್ಡದಾತ್ರಿ," ಎಂದಿತು ಇನ್ನೊಂದು ದನಿ. "ನಿಮ್ಮ ಜೋಡಿ ಬಂದಾರಲ್ಲ, ಆ ಅವ್ವಾರ ಆಣಿ ಮಾಡ್ರಿ. ಇಲ್ಲಿಂದ ಎದ್ದ ಹೋಗೂ ತನಕಾ ಒಂದ ತಪ್ಪೂ ಎತ್ತಿ ಆಡೂದಿಲ್ಲ ಅಂತ."

"ವೈನಿ ಆಣಿ. ಒಂದ ತಪ್ಪೂ ಎತ್ತಿ ಆಡೂದಿಲ್ಲ."

ಒಬ್ಬೊಬ್ಬರಾಗಿ ಎದ್ದರು. ಧೋತರಕ್ಕೆ, ಪ್ಯಾಂಟಿಗೆ ಒಣ ಹುಲ್ಲಿನ ಮುಳ್ಳು ಮೆತ್ತಿಸಿಕೊಂಡು, ಪರಸ್ಪರ ಮುಖ ನೋಡದೆ, ತಪ್ಪಿಸಿಕೊಂಡ ಕುರಿಗಳು ಹಟ್ಟಿಗೆ ಮರಳಿದಂತೆ ಸಾಲಾಗಿ ಬಂದರು. ಹಿಂದೊಮ್ಮೆ ನಮ್ಮದೇ ಪಾನನಿಷೇಧ ಸಭೆಯ ಅಧ್ಯಕ್ಷತೆ ವಹಿಸಿದ್ದ ನಿವೃತ್ತ ಮೇಷ್ಟ್ರೊಬ್ಬರೂ ಅವರಲ್ಲಿದ್ದರು. ನನಗೆ ನಮಸ್ಕರಿಸಲೆಂದು ಎರಡೂ ಕೈ ಜೋಡಿಸಿದಾಗ ಅಂಗೈಗಳ ನಡುವೆ ಸುಲಿದ ತತ್ತಿಯೊಂದು ಇತ್ತು. ನಾನು ಆಣೆಯನ್ನು ನೆನೆದು ಪ್ರತಿನಮಸ್ಕಾರವನ್ನಷ್ಟೇ ಮಾಡಿದೆ.

ಎಲ್ಲರೂ ಕುಳಿತರು, ಆದರೆ ಸದ್ದು ಮರಳಲಿಲ್ಲ. ಪರೀಕ್ಷಾ ಕೊಠಡಿಯ ಮೌನ. ಗಂಡಸರು ತಮ್ಮ ಗ್ಲಾಸುಗಳನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದರು. ವೈನಿಗೆ ಬೇಕಿದ್ದದ್ದು ಇದಲ್ಲವೆಂದು ನನಗೆ ಗೊತ್ತಿತ್ತು, ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಆಗ ವೈನಿಯೇ ಸೆರಗು ಸರಿಮಾಡಿಕೊಂಡು ಗಟ್ಟಿಯಾಗಿ ಹೇಳಿದರು:

"ಈರಣ್ಣಾ, ಮೂರು ಮಂದಿಗೆ ರೊಟ್ಟಿ, ಝುಣಕಾ, ಎಣಗಾಯಿ. ಆಮ್ಯಾಲೆ ನನಗೊಂದು ಬೀರ್ ಕೊಡಪಾ. ಸಣ್ಣದು."

ಅಂಗಳದ ಕತ್ತುಗಳೆಲ್ಲ ಒಟ್ಟಿಗೆ ನನ್ನತ್ತ ತಿರುಗಿದವು. ನಾನು ಬಾಯಿ ತೆರೆದೆ. ಆಣೆ ಅದನ್ನು ಮುಚ್ಚಿಸಿತು. ವೈನಿ ನನ್ನ ಮುಖ ನೋಡಿ, "ಹಂಗ್ಯಾಕ ನೋಡ್ತೀವಾ?" ಎಂದರು. "ಮದವಿಯಾದಾಗಿಂದ ಇದರ ವಾಸನಿ ತಗೊಂಡೇ ಮಕ್ಕೊಂಡೇನಿ. ರುಚಿ ನೋಡಾಕ ಹಕ್ಕಿಲ್ಲೇನು?"

ನನ್ನ ಸಮಗ್ರ ಭಾಷಣಗಳಲ್ಲಿ ಇಷ್ಟು ಅಚ್ಚುಕಟ್ಟಾದ ವಾಕ್ಯ ಒಂದೂ ಇಲ್ಲ. ಈರಣ್ಣ ಓರೆಗಣ್ಣಿನಿಂದ ನನ್ನನ್ನೇ ನೋಡುತ್ತ ಗ್ಲಾಸಿಗೆ ಸುರಿದ. ವೈನಿ ಅದನ್ನು ತೀರ್ಥದಂತೆ ಎತ್ತಿ, ನೊರೆಯನ್ನು ಬಾಯಿಂದ ಊದಿ ಬದಿಗೆ ಸರಿಸಿ, ಒಂದು ಗುಟುಕು ಕುಡಿದರು. ವೈನಿಯ ಮುಖ ಮೊದಲು ಮೂಗಿನಲ್ಲಿ, ಆಮೇಲೆ ಹುಬ್ಬಿನಲ್ಲಿ, ಕೊನೆಗೆ ಸಮಸ್ತವಾಗಿ ಕಿವುಚಿಕೊಂಡಿತು.

"ಶಿವನ! ಜ್ವರಾ ಬಂದಾಗ ನಮ್ಮವ್ವ ಕುಡಸ್ತಿದ್ದ ಬೇವಿನ ಕಷಾಯ ಇದಕ್ಕಿಂತ ಪಾಡಿತ್ತು!" ಎಂದು ಸೆರಗಿನಿಂದ ನಾಲಿಗೆ ಒರೆಸಿಕೊಂಡರು. "ಇಷ್ಟ ಏನು, ಇವರು ಇಷ್ಟು ವರ್ಷ ಊರ ಬಿಟ್ಟು ಹೊಂಟಿದ್ದು?"

ಮೊದಲು ನಕ್ಕವರು ತತ್ತಿಯ ಮೇಷ್ಟ್ರು. ಆಮೇಲೆ ಪಕ್ಕದ ಮಂಚ, ಆಮೇಲೆ ಅಂಗಳವೆಲ್ಲ. ಯಾರೋ "ಅವ್ವಾರ, ಮೊದಲ ಸಲಾ ಹಂಗ ಅನಸ್ತೈತ್ರಿ!" ಎಂದ, ಇನ್ನೊಬ್ಬ "ಸುಮ್ಮನಿರಲೇ, ಅವರನ್ಯಾಕ ಕೆಡಸ್ತಿ," ಎಂದು ಅವನ ಬೆನ್ನಿಗೆ ಗುದ್ದಿದ. ಹಾಡು ಮತ್ತೆ ಶುರುವಾಯಿತು. ಹಂಚಿನಿಂದ ನೇರವಾಗಿ ತಾಟಿಗೆ ಬಂದ ಉಬ್ಬಿದ ಜೋಳದ ರೊಟ್ಟಿಯನ್ನು ವೈನಿ ಬೆರಳು ಸುಟ್ಟುಕೊಂಡು ಮುರಿದರು. ಉಗಿ ಏಳುವ ರೊಟ್ಟಿ ತಮ್ಮ ಸರದಿಗೆ ಬಂದು ಎಷ್ಟು ಕಾಲವಾಗಿತ್ತೋ, ಮೊದಲ ತುತ್ತನ್ನು ಕಣ್ಣು ಮುಚ್ಚಿ ಅಗಿದರು. ಬೀರಿನ ಗ್ಲಾಸನ್ನು ಆಮೇಲೆ ತಿರುಗಿಯೂ ನೋಡಲಿಲ್ಲ.

ನನ್ನ ಸ್ಥಿತಿಯನ್ನು ಸ್ವಲ್ಪ ಊಹಿಸಿಕೊಳ್ಳಿ. ಕಣ್ಣೆದುರು ಒಬ್ಬ ಪ್ಲಾಸ್ಟಿಕ್ ಲೋಟವನ್ನು ಬದುವಿಗೆ ಎಸೆಯುತ್ತಾನೆ. ಇನ್ನೊಬ್ಬ ಬೈಕಿನ ಕೀಲಿಯನ್ನು ಬೆರಳಿಗೆ ಸುತ್ತಿ ತಿರುಗಿಸುತ್ತಾನೆ. ನಾನು ಎಣಗಾಯಿಯನ್ನು ಅಗಿಯುತ್ತೇನೆ. ಅನ್ಯಾಯಗಳು ನನ್ನ ಬಾಯಿಯ ಬಾಗಿಲಿಗೆ ಬಂದು ಸರದಿಯಲ್ಲಿ ನಿಂತಿದ್ದವು. ಆಗ ಒಂದು ವಿಚಿತ್ರ ನಡೆಯಿತು. ನಾನು ಮಾತಾಡುವುದಿಲ್ಲವೆಂದು ಖಾತ್ರಿಯಾದ ಕೂಡಲೇ ಅವರು ಮಾತಾಡತೊಡಗಿದರು. ಹತ್ತಿರದ ಮಂಚದವನೊಬ್ಬ ತನ್ನ ಊರಿಗೆ ಸಂಜೆಯ ಬಸ್ಸು ನಿಂತು ಹೋದದ್ದರಿಂದ ಬೈಕೇ ಗತಿಯಾಯಿತೆಂದ. ಇನ್ನೊಬ್ಬ, ಮನೆಯಲ್ಲಿ ಹೆಂಡತಿಯೊಡನೆ ಕುಳಿತು ಮಾತಾಡಲು ಒಂದು ಮಾತೂ ತೋಚುವುದಿಲ್ಲವೆಂದೂ, ಅದಕ್ಕೇ ಇಲ್ಲಿ ಬರುವುದೆಂದೂ, ಯಾರಿಗೂ ಅಲ್ಲವೆಂಬಂತೆ ತನ್ನ ತಾಟಿಗೆ ಹೇಳಿದ. ಮೇಷ್ಟ್ರು ನನ್ನತ್ತ ಬಾಗಿ, ಅಂದಿನ ಸಭೆಯಲ್ಲಿ ತಾವು ಮಾಡಿದ ಅಧ್ಯಕ್ಷ ಭಾಷಣವನ್ನು ಯಾವ ಸ್ಥಿತಿಯಲ್ಲಿ ಬರೆದದ್ದೆಂದು ಪಿಸುಗುಟ್ಟಿದರು. ಇಷ್ಟು ವರ್ಷ ನಾನು ಹೆಸರು ಹಿಡಿದು ಕೂಗಿದಾಗ ಅಡಗಿ ಕೂತಿದ್ದ ತಪ್ಪುಗಳು, ನಾನು ರೊಟ್ಟಿ ಮುರಿಯುತ್ತ ಸುಮ್ಮನೆ ಕುಳಿತಾಗ ತಾವಾಗಿಯೇ ಬಂದು ತಮ್ಮ ಹೆಸರು ಹೇಳಿಕೊಳ್ಳುತ್ತಿದ್ದವು. ಆಣೆಯ ಗಡಿ ಆ ಸಂಜೆಗೆ ಮಾತ್ರ ಇತ್ತೆನ್ನಿ; ವಾರ ಕಳೆದ ಮೇಲೆ ಹಗಲು ಹೊತ್ತಿನಲ್ಲಿ ಹೋಗಿ ಲೋಟಗಳ ಬಗ್ಗೆಯೂ ಕೀಲಿಗಳ ಬಗ್ಗೆಯೂ ಈರಣ್ಣನೊಡನೆ ಚಹ ಕುಡಿಯುತ್ತ ಮಾತಾಡಿ ಬಂದೆ. ಬಸ್ಸಿನ ಅರ್ಜಿಗೆ ಆ ಅಂಗಳದವರೇ ಸಹಿ ಹಾಕಿದರು. ನನ್ನ ಹೋರಾಟಗಳಲ್ಲಿ ಹೊಲಕ್ಕೆ ಓಡದೆ ನಿಂತು ಸಹಿ ಹಾಕಿದ ಗಂಡಸರು ಅವರೇ ಮೊದಲು.

ಊಟ ಮುಗಿಯಿತು. ವೈನಿಯ ಕೈ ಮತ್ತೆ ತಾಟುಗಳ ಕಡೆ ಹೊರಟಿತು. ಈರಣ್ಣ "ಬಿಡ್ರಿ ಅವ್ವಾರ," ಎಂದು ಓಡಿ ಬಂದ. ವೈನಿ ಒಂದು ಕ್ಷಣ ತಮ್ಮ ಎಂಜಲು ತಾಟನ್ನು ನೋಡಿದರು. ಆಮೇಲೆ ಕೈ ಹಿಂತೆಗೆದುಕೊಂಡು, ಎದ್ದು, ಹಿಂತಿರುಗಿ ನೋಡದೆ ನಡೆದರು. ಎಷ್ಟೋ ಮೆರವಣಿಗೆಗಳ ಮುಂದಿನ ಸಾಲಿನಲ್ಲಿ ನಡೆದಿದ್ದೇನೆ. ಅಷ್ಟು ಘನವಾದ ನಡಿಗೆಯ ಹಿಂದೆ ನಡೆದದ್ದು ಅಂದೇ.

ಊರ ಕಡೆ ಹೊರಳಿದ ಕಾರಿನಲ್ಲಿ ನಾನು ಅಭ್ಯಾಸದಂತೆ ತುಲನೆಯನ್ನು ಮುಗಿಸಲು ಹೊರಟೆ. ಊರೊಳಗಿನ ಬಾರಿನ ಅನುಕೂಲಗಳಿವು, ಊರಾಚೆಯ ಧಾಬಾದವು ಇವು. ಎರಡನ್ನೂ ತೂಗಿದಾಗ, ಒಂದು ಸಂಜೆಯ ವಿಹಾರಕ್ಕೆ ಯಾವುದು ಮೇಲು? ಗಂಭೀರವಾಗಿ ವೈನಿಯ ಅಭಿಪ್ರಾಯ ಕೇಳಿದೆ. ಅವರು ಕಿಟಕಿಗೆ ತಲೆಯಾನಿಸಿ, ದೂರ ಸರಿಯುತ್ತಿದ್ದ ಮಂದಿಯ ಸದ್ದಿಗೆ ಇನ್ನೂ ಕಿವಿಗೊಟ್ಟಿದ್ದರು.

"ಊರಾಗಾದರೇನು, ಊರ ಹೊರಗಾದರೇನು," ಎಂದರು. "ಬಾಣಂತನ ಮುಗೀಲಿ. ಮುಂದಿನ ಸಲಾ ನಿಮ್ಮಣ್ಣಾರ್ನೂ ಕರಕೊಂಡ ಬರೂಣು. ಪಾಪ, ಹೆಣ್ಣಮಕ್ಕಳ ಜೋಡಿ ಕುಂತು, ನಕ್ಕೋತ ಒಮ್ಮೆನೂ ಉಂಡಿಲ್ಲ ಅವರು."